ಹಳೆಯ ಹೋಲ್‌ಸ್ಟರ್, ಹೊಸ ಪಿಸ್ತೂಲು: ತಿದ್ದಬೇಕೆ, ಹೊಲಿಸಬೇಕೆ, ಕೊಳ್ಳಬೇಕೆ?

ಆಯುಧ ಕೈ ಬದಲಾದರೂ ಅದರ ಹೋಲ್‌ಸ್ಟರ್ ಮನೆಯಲ್ಲೇ ಉಳಿಯುತ್ತದೆ. ರಿವಾಲ್ವರ್ ಮಾರಬೇಕಾದರೆ ಕಾಗದಪತ್ರ ನೂರೆಂಟು; ಚರ್ಮದ ಚೀಲವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಲೈಸೆನ್ಸೂ ಇಲ್ಲ, ನಂಬರೂ ಇಲ್ಲ. ಬೆಳಗಾವಿಯಲ್ಲಿ ಇಂಥ ಒಂಟಿ ಚೀಲಗಳು ಎಷ್ಟೋ ಮನೆಗಳ ಗೂಟದಲ್ಲಿ ನೇತಾಡುತ್ತಿವೆ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಈ ಊರಿನಲ್ಲಿದೆ, ನಿವೃತ್ತರಾದ ಸೈನಿಕರು ಸುತ್ತಮುತ್ತಲೇ ಮನೆ ಕಟ್ಟಿಕೊಂಡಿದ್ದಾರೆ. 2019ರ ಕೊನೆಯಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಗಿ ಒಬ್ಬರ ಹೆಸರಿನಲ್ಲಿ ಇರಬಹುದಾದ ಆಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಾಗ ಇನ್ನಷ್ಟು ಚೀಲಗಳು ಹೀಗೆ ಖಾಲಿಯಾದವು.

ನಾನು ಸೈನ್ಯದಲ್ಲಿ ಆಯುಧಗಳ ದುರಸ್ತಿ ಮಾಡಿಕೊಂಡಿದ್ದವನು. ಈಗ ಹವ್ಯಾಸಕ್ಕೆಂದು ಚರ್ಮದ ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಪಕ್ಕದ ಓಣಿಯ ಹುಡುಗನೊಬ್ಬ ತನ್ನ ತಂದೆಯ ರಿವಾಲ್ವರ್ ಚೀಲ ತಂದು, "ಕಾಕಾ, ಇದನ್ನು ನೀರಿಗೆ ಹಾಕಿದರೆ ಹೊಸ ಪಿಸ್ತೂಲಿಗೆ ಹೊಂದುತ್ತದಂತೆ, ಹೌದೆ?" ಎಂದು ಕೇಳಿದ. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ದಾರಿಗಳು ನಾಲ್ಕು: ಹಳೆಯ ಚೀಲವನ್ನು ನೀರಿನಲ್ಲಿ ನೆನೆಸಿ ಹೊಸ ಆಕಾರಕ್ಕೆ ಒತ್ತುವುದು, ಹೊಲಿಗೆ ಬಿಚ್ಚಿ ತಿದ್ದುವುದು, ಹೊಸದನ್ನು ಹೊಲಿಸುವುದು, ಅಂಗಡಿಯ ಸಿದ್ಧ ಚೀಲ ಕೊಳ್ಳುವುದು. ಯಾವುದನ್ನು ಆರಿಸಬೇಕು ಎಂದು ಎಲ್ಲರೂ ಪಿಸ್ತೂಲನ್ನು ನೋಡಿ ಯೋಚಿಸುತ್ತಾರೆ. ನಾನು ಮೊದಲು ನೋಡುವುದು ಚರ್ಮವನ್ನು.

ಮೊದಲು ಚರ್ಮದ ಜಾತಕ

ಹದ ಮಾಡಿದ ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತೊಗಟೆ ಮತ್ತು ಕಾಯಿಯ ಒಗರಿನಲ್ಲಿ ಹದವಾದದ್ದು. ಇನ್ನೊಂದು, ಕ್ರೋಮಿಯಂ ಲವಣದಲ್ಲಿ ಹದವಾದದ್ದು. ತೊಗಟೆಯ ಹದದ ಚರ್ಮ ನೀರು ಕುಡಿದಾಗ ಮೆತ್ತಗಾಗಿ, ಒತ್ತಿದ ಆಕಾರವನ್ನು ಹಿಡಿದುಕೊಂಡು, ಒಣಗಿದ ಮೇಲೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕ್ರೋಮ್ ಚರ್ಮ ಹಾಗಲ್ಲ. ಎಷ್ಟು ನೆನೆಸಿದರೂ, ಎಷ್ಟು ಒತ್ತಿದರೂ, ಒಣಗಿದ ಮೇಲೆ ನಾಯಿಯ ಬಾಲ. ಶೂ, ಜಾಕೆಟ್, ಪರ್ಸುಗಳಿಗೆ ಬಳಸುವುದು ಹೆಚ್ಚಾಗಿ ಈ ಎರಡನೆಯದನ್ನೇ. ಅಗ್ಗದ ಸಿದ್ಧ ಹೋಲ್‌ಸ್ಟರುಗಳೂ ಬಹುತೇಕ ಇದರವೇ.

ಗುರುತಿಸುವುದು ಕಷ್ಟವಲ್ಲ. ಚೀಲದ ಅಂಚನ್ನು ರಂಪಿಗೆಯಿಂದ ಉಗುರಿನಷ್ಟು ಕೆರೆದು ನೋಡಿ. ಒಳಗಿನವರೆಗೂ ಒಂದೇ ಕಂದು ಬಣ್ಣವಿದ್ದರೆ ತೊಗಟೆಯ ಹದ; ನಡುವೆ ನೀಲಿ ಅಥವಾ ಬೂದು ಹಸಿರಿನ ಗೆರೆ ಕಂಡರೆ ಕ್ರೋಮ್. ಇನ್ನೂ ಅನುಮಾನವಿದ್ದರೆ ಚೀಲದ ಒಳಮೈಗೆ ಒಂದು ಹನಿ ನೀರು ಬಿಡಿ. ತೊಗಟೆಯ ಚರ್ಮ ಅದನ್ನು ಹೀರಿ ಕಪ್ಪಾಗುತ್ತದೆ. ಹೊರಮೈಗೆ ಬಿಟ್ಟರೆ ಮೋಸ ಹೋಗುತ್ತೀರಿ. ಮೇಣ ಅಥವಾ ಪಾಲಿಶ್ ಇದ್ದರೆ ಎಂಥ ಚರ್ಮವೂ ಹನಿಯನ್ನು ಜಾರಿಸಿಬಿಡುತ್ತದೆ.

ತೊಗಟೆಯ ಚರ್ಮಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನಿಂತಿರುವುದೇ ಅದರ ಮೇಲೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದವಾದ ಎಮ್ಮೆಯ ಚರ್ಮ ಅದು. ಕೊಲ್ಹಾಪುರಿ ಎಂಬ ಹೆಸರು ಕೇಳಿ ಅದು ಮಹಾರಾಷ್ಟ್ರದ್ದು ಎಂದು ಕೈ ಬಿಟ್ಟವರು ಗಮನಿಸಬೇಕು: ಆ ಚಪ್ಪಲಿಯ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ.

ಚೀಲ ಕ್ರೋಮ್ ಚರ್ಮದ್ದು ಎಂದು ಗೊತ್ತಾದರೆ ನೀರಿನ ಮಾತು ಅಲ್ಲಿಗೆ ಮುಗಿಯಿತು. ಮೂರನೆಯ ಅಥವಾ ನಾಲ್ಕನೆಯ ದಾರಿ ಹಿಡಿಯಿರಿ.

ನೀರಿನ ದಾರಿ ಎಷ್ಟು ದೂರ ಹೋಗುತ್ತದೆ

ನೆನೆದ ಚರ್ಮ ಹೊರಕ್ಕೆ ಹಿಗ್ಗುತ್ತದೆ, ಒಳಕ್ಕೆ ಕುಗ್ಗುವುದಿಲ್ಲ. ಕುಗ್ಗಿಸುವ ಶಕ್ತಿ ಬಿಸಿಗೆ ಇದೆ, ಆದರೆ ಹಾಗೆ ಕುಗ್ಗಿದ ಚರ್ಮ ಸುಟ್ಟ ಹಪ್ಪಳ. ಆದ್ದರಿಂದ ಹೊಸ ಆಯುಧ ಹಳೆಯದಕ್ಕಿಂತ ಸ್ವಲ್ಪ ದಪ್ಪವಿದ್ದರೆ ನೀರು ನಿಮ್ಮ ಸ್ನೇಹಿತ; ತೆಳುವಿದ್ದರೆ ನೀರಿನಿಂದ ಏನೂ ಆಗುವುದಿಲ್ಲ, ಹೊಲಿಗೆಯನ್ನೇ ಒಳಕ್ಕೆ ಸರಿಸಬೇಕು.

ದರ್ಜಿಯ ಟೇಪು ತೆಗೆದುಕೊಂಡು, ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರಿನ ಸುತ್ತಲಿನ ಬಳೆಯ, ತುಸು ಮುಂದೆ ಆಯುಧದ ಸುತ್ತಳತೆ ನೋಡಿ. ಹಳೆಯ ಆಯುಧ ಕೈಯಲ್ಲಿ ಇಲ್ಲದಿದ್ದರೆ ಚೀಲದ ಒಳಗೆ ಬಟ್ಟೆ ತುರುಕಿ, ಬಿಗಿಯಾದ ಮೇಲೆ ಆ ಬಟ್ಟೆಯ ಸುತ್ತಳತೆ ತೆಗೆಯಿರಿ. ನನ್ನ ಅನುಭವದಲ್ಲಿ ಹೊಸದು ಆರೇಳು ಮಿಲಿಮೀಟರ್ ಹೆಚ್ಚಿದ್ದರೆ ಮೂರು ಮಿಲಿಮೀಟರ್ ದಪ್ಪದ ಚರ್ಮ ನೀರಿಗೆ ಬಗ್ಗುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಚರ್ಮ ಒಪ್ಪಿದರೂ ಹೊಲಿಗೆ ಒಪ್ಪುವುದಿಲ್ಲ. ದಾರದ ತೂತುಗಳು ಉದ್ದಕ್ಕೆ ಹರಿಯಲು ಶುರುವಾಗುತ್ತವೆ.

ವ್ಯತ್ಯಾಸ ಒಂದೆರಡು ಮಿಲಿಮೀಟರಿನದಾದರೆ ನೀರೂ ಬೇಡ. ಖಾಲಿ ಆಯುಧಕ್ಕೆ ಪಾಲಿಥಿನ್ ಚೀಲವನ್ನು ಎರಡು ಮೂರು ಸುತ್ತು ಸುತ್ತಿ, ಒಣ ಹೋಲ್‌ಸ್ಟರಿನಲ್ಲಿ ತುರುಕಿ, ಒಂದು ರಾತ್ರಿ ಬೀಗದೊಳಗೆ ಇಟ್ಟರೆ ಸಾಕು. ಹೊಸ ಚೀಲ ಬಿಗಿ ಎಂದು ಗೊಣಗುವವರಲ್ಲಿ ಅರ್ಧ ಜನರ ತೊಂದರೆ ಇಷ್ಟಕ್ಕೇ ನೀಗುತ್ತದೆ.

ನೆನೆಸಲೇಬೇಕೆಂದರೆ ಕ್ರಮ ಹೀಗೆ. ಉಗುರುಬೆಚ್ಚನೆಯ ನೀರಿನಲ್ಲಿ ಚೀಲವನ್ನು ಅರ್ಧ ನಿಮಿಷ ಅಥವಾ ಒಂದು ನಿಮಿಷ ಮುಳುಗಿಸಿ. ಗುಳ್ಳೆಗಳು ಏಳುವುದು ನಿಲ್ಲುತ್ತಿದ್ದಂತೆ ತೆಗೆಯಿರಿ. ಸ್ವಲ್ಪ ಹೊತ್ತು ಬಿಟ್ಟು, ಮೇಲ್ಮೈ ತನ್ನ ಮೊದಲ ಬಣ್ಣಕ್ಕೆ ತಿರುಗುತ್ತಿರುವಾಗ ಆಯುಧದ ಆಕಾರದ ಅಚ್ಚನ್ನು ಒಳಗಿಟ್ಟು, ಹೆಬ್ಬೆರಳಿನಿಂದಲೂ ನಯವಾದ ಕಟ್ಟಿಗೆಯ ಅಥವಾ ಕೋಡಿನ ತುಂಡಿನಿಂದಲೂ ಒತ್ತಿ. ಟ್ರಿಗರ್ ಗಾರ್ಡಿನ ಸುತ್ತ ಚೆನ್ನಾಗಿ ಒತ್ತಬೇಕು, ಆಯುಧವನ್ನು ಹಿಡಿದುಕೊಳ್ಳುವುದು ಆ ಜಾಗವೇ. ಪಿಸ್ತೂಲಿನ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಮತ್ತು ಮ್ಯಾಗಜಿನ್ (ಗುಂಡುಗಳ ಡಬ್ಬಿ) ಬಿಡಿಸುವ ಗುಂಡಿಯ ಮೇಲೆ ಒತ್ತಬಾರದು. ಅಲ್ಲಿ ಚರ್ಮ ಅಂಟಿಕೊಂಡರೆ ಕುಳಿತೇಳುವಾಗ ಸೇಫ್ಟಿ ತಾನಾಗಿ ಸರಿಯಬಹುದು, ಮ್ಯಾಗಜಿನ್ ಸಡಿಲವಾಗಬಹುದು. ಆ ಎರಡೂ ಕಡೆ ಅಚ್ಚಿನ ಮೇಲೆ ರಟ್ಟಿನ ಚೂರು ಅಂಟಿಸಿದರೆ ಚರ್ಮ ಅಲ್ಲಿ ಉಬ್ಬಿ ನಿಲ್ಲುತ್ತದೆ. ನಳಿಗೆಯ ತುದಿಯ ಗುರಿಕಡ್ಡಿಗೂ ದಾರಿ ಬೇಕು; ಮೇಲಂಚಿನ ಉದ್ದಕ್ಕೆ ಪೆನ್ಸಿಲಿನಂಥ ಒಂದು ಕಡ್ಡಿಯನ್ನು ಟೇಪಿನಿಂದ ಅಂಟಿಸಿ ಒತ್ತಿ. ಇಲ್ಲದಿದ್ದರೆ ತೆಗೆಯುವಾಗಲೆಲ್ಲ ಅದು ಚರ್ಮವನ್ನು ಕೆರೆಯುತ್ತದೆ.

ಆಕಾರ ಕೂತ ಮೇಲೆ ಅಚ್ಚನ್ನು ಹೊರತೆಗೆದು ನೆರಳಿನಲ್ಲಿ ಒಣಗಿಸಬೇಕು. ಇಲ್ಲಿ ನನ್ನದೇ ಒಂದು ಅವಿವೇಕ ಹೇಳಬೇಕು. ಒಂದು ಜುಲೈ ತಿಂಗಳಿನಲ್ಲಿ ಚೀಲ ನಾಲ್ಕು ದಿನವಾದರೂ ಒಣಗಲಿಲ್ಲ, ಒಳಗೆ ಬೂಷ್ಟು ಹಿಡಿಯಿತು. ತಾಳ್ಮೆ ಕೆಟ್ಟು ಒಲೆಯ ಪಕ್ಕದಲ್ಲಿ ಇಟ್ಟೆ. ಸಂಜೆಗೆ ಬಾಯಿಯ ಅಂಚು ಮುದುರಿ, ಬಗ್ಗಿಸಿದರೆ ಟಪ್ಪೆಂದು ಸೀಳುವ ಹಾಗಾಗಿತ್ತು. ಅಂದಿನಿಂದ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ವಿಜಯಪುರದವರಿಗೆ ಈ ಕಾಟ ಕಡಿಮೆ. ಅಲ್ಲಿಯವರ ಕಷ್ಟ ಏಪ್ರಿಲ್ ಬಿಸಿಲು. ಫೆಬ್ರುವರಿ ಎರಡೂ ಊರಿಗೆ ಒಳ್ಳೆಯದು.

ಒಣಗಿದ ಮೇಲೆ ಔಡಲೆಣ್ಣೆ ತಿಕ್ಕುವ ಅಭ್ಯಾಸ ನಮ್ಮವರಿಗಿದೆ. ಚಪ್ಪಲಿಗೆ ಅದು ಸರಿ, ಹೋಲ್‌ಸ್ಟರಿಗೆ ಬೇಡ. ಎಣ್ಣೆ ಚರ್ಮವನ್ನು ಮತ್ತೆ ಮೆತ್ತಗೆ ಮಾಡಿ ನೀವು ಒತ್ತಿದ ಆಕಾರವನ್ನೆಲ್ಲ ಅಳಿಸಿಹಾಕುತ್ತದೆ. ಹೊರಗೆ ತೆಳುವಾಗಿ ಜೇನುಮೇಣ ಸವರಿದರೆ ಸಾಕು.

ಅಚ್ಚು ಯಾವುದು?

ಅಚ್ಚು ಎಂದು ಬರೆದೆ, ಪಿಸ್ತೂಲು ಎಂದು ಬರೆಯಲಿಲ್ಲ. ಅದಕ್ಕೆ ಕಾರಣ ಎರಡು.

ಮೊದಲನೆಯದು ರಸಾಯನ. ಹಿಂದಿನ ಕಾಲದ ಶಾನುಭೋಗರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡಿಕೊಳ್ಳುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಒದ್ದೆಯಾದ ತೊಗಟೆಯ ಚರ್ಮದೊಳಗೆ ಉಕ್ಕಿನ ಪಿಸ್ತೂಲನ್ನು ಬರಿಮೈಯಲ್ಲಿ ಇಟ್ಟರೆ ನಡೆಯುವುದು ಅದೇ ಮಸಿಯ ತಯಾರಿ. ಚರ್ಮಕ್ಕೆ ಕಪ್ಪು ಕಲೆ, ಪಿಸ್ತೂಲಿಗೆ ತುಕ್ಕು. ಪಾಲಿಥಿನ್ ಸುತ್ತಿದರೂ ಎಲ್ಲೋ ಒಂದು ಮಡಿಕೆ ಹರಿದಿರುತ್ತದೆ.

ಎರಡನೆಯದು ಕಾನೂನು. ಆಯುಧವನ್ನು ಚರ್ಮದ ಅಂಗಡಿಯಲ್ಲಿ ಬಿಟ್ಟು, "ನಾಳೆ ಬರುತ್ತೇನೆ" ಎಂದು ಹೋಗುವಂತಿಲ್ಲ. ಲೈಸೆನ್ಸ್ ಇಲ್ಲದವರ ಸ್ವಾಧೀನದಲ್ಲಿ ಆಯುಧ ಉಳಿದರೆ ಬಿಟ್ಟವರೂ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ. ಪಾಪ, ನಾಲ್ಕು ಹೊಲಿಗೆ ಹಾಕಲು ಒಪ್ಪಿದ ಸಮಗಾರನಿಗೆ ಆ ಗಂಡಾಂತರ ಏಕೆ? ಚುನಾವಣೆ ಬಂದರೆ ಆಯುಧ ಠಾಣೆಗೆ ಜಮಾ ಆಗುವುದೂ ಉಂಟು. ಆಗ ಕೈಯಲ್ಲಿ ಅಳತೆಗೂ ಪಿಸ್ತೂಲು ಇರುವುದಿಲ್ಲ.

ಕಟ್ಟಿಗೆಯ ಅಚ್ಚು ಮಾಡಿಸಿಕೊಂಡರೆ ಈ ಎರಡೂ ತೊಂದರೆ ಇಲ್ಲ. ಮನೆಯಲ್ಲಿ ಆಯುಧವನ್ನು ಖಾಲಿ ಮಾಡಿ, ಖಾಲಿ ಇದೆಯೆಂದು ಎರಡು ಬಾರಿ ನೋಡಿ, ದಪ್ಪ ಕಾಗದದ ಮೇಲೆ ಮಲಗಿಸಿ ಸುತ್ತ ಗೆರೆ ಎಳೆಯಿರಿ. ಸ್ಲೈಡು, ಗಾರ್ಡು, ಹಿಡಿಕೆಗಳ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು ಅದರ ಮೇಲೇ ಬರೆಯಿರಿ. ಆ ಕಾಗದ ಕೊಟ್ಟರೆ ಕೈ ಪಳಗಿದ ಬಡಿಗರು ಕೆತ್ತಿಕೊಡುತ್ತಾರೆ. ಕಟ್ಟಿಗೆಯಲ್ಲಿ ಹಣ್ಣು, ತರಕಾರಿಗಳನ್ನು ನಿಜವೆಂದೇ ಮೋಸಹೋಗುವಂತೆ ಮಾಡುವ ಗೋಕಾಕದ ಕೈಗಳು ನಮ್ಮ ಜಿಲ್ಲೆಯಲ್ಲೇ ಇವೆಯಲ್ಲ. ಅಚ್ಚಿಗೆ ಪಿಸ್ತೂಲಿನ ಬಣ್ಣ ಮಾತ್ರ ಬಳಿಯಬೇಡಿ. ಹಳದಿಯೋ ನೀಲಿಯೋ ಇರಲಿ, ಬಸ್ಸಿನಲ್ಲಿ ಚೀಲದಿಂದ ಇಣುಕಿದರೂ ಯಾರೂ ಹೌಹಾರುವುದಿಲ್ಲ.

ಹೊಲಿಗೆ ಬಿಚ್ಚುವ ದಾರಿ

ರಿವಾಲ್ವರ್ ಚೀಲವನ್ನು ಪಿಸ್ತೂಲಿಗೆ ಹೊಂದಿಸಲು ಬಯಸುವವರಿಗೆ ಈ ದಾರಿಯೇ ಗತಿ. ರಿವಾಲ್ವರಿನ ಹೊಟ್ಟೆಯಲ್ಲಿ ಗುಂಡಿನ ಚಕ್ರವಿದೆ. ಪಿಸ್ತೂಲಿಗೆ ಹೊಟ್ಟೆಯೇ ಇಲ್ಲ. ಕಾನ್ಪುರದ ಪಾಯಿಂಟ್ 32 ರಿವಾಲ್ವರ್ ಕೂತಿದ್ದ ಚೀಲದಲ್ಲಿ ಅದೇ ಬೋರಿನ ಅಶನಿಯಂಥ ಚಪ್ಪಟೆ ಪಿಸ್ತೂಲನ್ನು ಇಟ್ಟರೆ, ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಒಳಗೆ ಓಲಾಡುತ್ತದೆ.

ಮಾಡುವುದು ಇಷ್ಟೆ: ಮುಂಭಾಗದ ಹೊಲಿಗೆಯನ್ನು ಬಿಚ್ಚಿ, ಚೀಲವನ್ನು ಚಪ್ಪಟೆ ಬಿಡಿಸಿ, ಅಚ್ಚು ಇಟ್ಟು ಹೊಸ ಗೆರೆ ಹಾಕಿ, ಮೇಣ ಹಚ್ಚಿದ ದಾರದಿಂದ ಒಳಗಡೆ ಹೊಸ ಸಾಲು ಹೊಲಿಯುವುದು, ಆಮೇಲೆ ನೆನೆಸಿ ಒತ್ತುವುದು. ಹಳೆಯ ತೂತುಗಳ ಸಾಲು ಹೊರಗೆ ಉಳಿಯುತ್ತದೆ. ಅದನ್ನು ಕತ್ತರಿಸಿ ತೆಗೆಯಬಹುದು. ಕೈಹೊಲಿಗೆಯನ್ನೇ ಕೇಳಿ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಒಂದು ಟಾಕು ಹರಿದರೂ ಉಳಿದವು ಹಿಡಿದಿರುತ್ತವೆ.

ಆದರೆ ಚಕ್ರದ ಉಬ್ಬು ವರ್ಷಗಟ್ಟಲೆ ಕೂತಿದ್ದ ಜಾಗ ಸಂಪೂರ್ಣ ಸಪಾಟಾಗುವುದಿಲ್ಲ. ಮೇಲಿನ ಪಟ್ಟಿಯ ಜಾಗವೂ ತಪ್ಪುತ್ತದೆ: ರಿವಾಲ್ವರಿನ ಕುದುರೆಯ (ಹಿಂಬದಿಯ ಹ್ಯಾಮರಿನ) ಮೇಲೆ ಬರುತ್ತಿದ್ದ ಪಟ್ಟಿ ಪಿಸ್ತೂಲಿನ ಸೇಫ್ಟಿಯ ಮೇಲೆ ಬಂದು ಕೂರಬಹುದು. ಪಟ್ಟಿ ಬಿಚ್ಚಿ, ಟಿಚ್ ಬಟನ್ನು ಬೇರೆಡೆ ಹಾಕಿಸಬೇಕು. ಇಷ್ಟೆಲ್ಲ ಸೇರಿದಾಗ ಹೊಸದರ ಅರ್ಧಕ್ಕಿಂತ ಹೆಚ್ಚು ಶ್ರಮವಾಗಿರುತ್ತದೆ. ತಂದೆಯ ನೆನಪಿನ ವಸ್ತು ಎಂಬ ಕಾರಣವಿದ್ದರೆ ಮಾಡಿಸಿ. ದುಡ್ಡು ಉಳಿಸಲು ಎಂದಾದರೆ ಬೇಡ. ಬಲಗೈಯವರ ಚೀಲವನ್ನು ಎಡಗೈಗೆ ತಿರುಗಿಸಿಕೊಡಿ ಎಂದೂ ಒಬ್ಬರು ಕೇಳಿದ್ದರು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಹೊಸದನ್ನು ಹೊಲಿಸುವುದು

ನನ್ನ ಒಲವು ಇತ್ತ ಕಡೆಗೇ. ಅಥಣಿಯ ಕಡೆಯ ಒಳ್ಳೆಯ ಚರ್ಮ, ಕಟ್ಟಿಗೆಯ ಅಚ್ಚು, ಕಾಗದದ ಮಾದರಿ ಇಷ್ಟಿದ್ದರೆ ಚಪ್ಪಲಿ ಮಾಡುವ ನುರಿತ ಸಮಗಾರರು ಎರಡು ದಿನದಲ್ಲಿ ಮುಗಿಸುತ್ತಾರೆ. ಒಂದು ಮಾತು ಮಾತ್ರ ಬಿಡಿಸಿ ಹೇಳಬೇಕು. ಚಪ್ಪಲಿಯ ಕೈಗೆ ಚರ್ಮ ಪಾದಕ್ಕೆ ಒಗ್ಗುವಂತೆ ಮೆತ್ತಗಿರಬೇಕೆಂಬ ಅಭ್ಯಾಸ. ಹೋಲ್‌ಸ್ಟರಿಗೆ ಬೇಕಾದದ್ದು ಅದರ ವಿರುದ್ಧ: ಪಿಸ್ತೂಲು ಹೊರಗಿದ್ದಾಗಲೂ ಬಾಯಿ ತೆರೆದೇ ನಿಲ್ಲುವಷ್ಟು ಬಿರುಸು. ಅಟ್ಟೆಗೆ ಬಳಸುವ ಚರ್ಮ ತೀರಾ ದಪ್ಪ, ಮೇಲಿನ ಪಟ್ಟಿಯದು ತೀರಾ ತೆಳು. ಮೂರರಿಂದ ಮೂರೂವರೆ ಮಿಲಿಮೀಟರಿನದನ್ನು ಆರಿಸಿ. ಬಾಯಿಯ ಸುತ್ತ ಇನ್ನೊಂದು ಪದರ ಹೊಲಿಸಿದರೆ ಇನ್ನೂ ಒಳ್ಳೆಯದು.

ಬೆಲ್ಟಿನ ಕಂಡಿಯನ್ನು ನಿಮ್ಮ ಬೆಲ್ಟಿನ ಅಗಲಕ್ಕೇ ಕೊರೆಸಿ. ಕಂಡಿ ಸಡಿಲವಿದ್ದರೆ ಎಂಥ ಚೀಲವೂ ಸೊಂಟದ ಮೇಲೆ ತೂಗಾಡುತ್ತದೆ. ಅಗ್ಗದ ರೆಕ್ಸಿನ್ ಬೆಲ್ಟಿಗೆ ಇಷ್ಟು ಕಷ್ಟಪಟ್ಟು ಮಾಡಿಸಿದ ಹೋಲ್‌ಸ್ಟರ್ ತೂಗುಹಾಕಿದವರನ್ನೂ ಕಂಡಿದ್ದೇನೆ.

ಸಿದ್ಧ ಚೀಲಗಳು

ನೈಲಾನಿನವು ಎಲ್ಲ ಪಿಸ್ತೂಲಿಗೂ ಹೊಂದುತ್ತವೆ ಎಂದು ಮಾರುತ್ತಾರೆ, ಅಂದರೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಹೊಸದು ಸಿದ್ಧವಾಗುವವರೆಗೆ ಎರಡು ವಾರಕ್ಕೆ ಸರಿ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯವು ಬೇರೆ ಜಾತಿ: ಬಿಸಿ ಮಾಡಿ ಅಚ್ಚಿಗೆ ಒತ್ತಿದ ಅವು ಬೆವರಿಗೂ ನಮ್ಮ ಮಳೆಗೂ ಜಗ್ಗುವುದಿಲ್ಲ, ಬಾಯಿ ಎಂದೂ ಮುಚ್ಚಿಕೊಳ್ಳುವುದಿಲ್ಲ. ಆದರೆ ಅಂಗಡಿಗಳಲ್ಲಿ ಸಿಗುವವು ಬಹುಪಾಲು ವಿದೇಶಿ ಮಾದರಿಯ ಪಿಸ್ತೂಲುಗಳ ಅಚ್ಚಿನವು. ಪೆಟ್ಟಿಗೆಯ ಮೇಲೆ ನಿಮ್ಮ ಆಯುಧದ ಹೆಸರೇ ಇದ್ದರೆ ಕೊಳ್ಳಿ, "ಹತ್ತಿರ ಹತ್ತಿರ ಹೊಂದುತ್ತದೆ" ಎಂದರೆ ಬಿಡಿ.

ಯಾವ ದಾರಿಯಲ್ಲಿ ಬಂದರೂ ಕೊನೆಯ ಪರೀಕ್ಷೆ ಒಂದೇ

ಆಯುಧ ಖಾಲಿ ಇರಬೇಕು, ಗುಂಡುಗಳು ಬೇರೆ ಕೋಣೆಯಲ್ಲಿರಬೇಕು. ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗು ಹಿಡಿದು, ಪಟ್ಟಿ ಹಾಕದೆ, ಎರಡು ಬಾರಿ ಅಲುಗಿಸಿ. ಬೀಳಬಾರದು. ಹೊರಗಿನಿಂದ ಚರ್ಮದ ಮೇಲೆ ಬೆರಳೊತ್ತಿದರೆ ಟ್ರಿಗರ್ ಅಲುಗಬಾರದು. ಗಾರ್ಡು ಪೂರ್ತಿ ಮುಚ್ಚಿರಬೇಕು. ಆಮೇಲೆ ಪಿಸ್ತೂಲನ್ನು ನಿಧಾನವಾಗಿ ಒಳಗಿಡುತ್ತ ಬಾಯಿಯ ಅಂಚನ್ನು ನೋಡಿ. ಅಂಚು ಒಳಕ್ಕೆ ಮಡಚಿಕೊಂಡರೆ ಆ ಚೀಲವನ್ನು ಮತ್ತೆ ಬಳಸಬೇಡಿ, ಯಾರ ನೆನಪಿನದ್ದೇ ಆಗಿರಲಿ. ಮಡಚಿದ ಚರ್ಮ ಬೆರಳಿನ ಹಾಗೆ ಟ್ರಿಗರಿನೊಳಗೆ ತೂರಿ, ಚೀಲಕ್ಕೆ ಇಡುವಾಗಲೇ ಗುಂಡು ಹಾರಿ ತೊಡೆ ಸೀಳಿದ ಪ್ರಕರಣಗಳು ಹೋಲ್‌ಸ್ಟರ್ ಬಳಸುವ ದೇಶಗಳಲ್ಲೆಲ್ಲ ಇವೆ.

2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು ಎನ್ನುತ್ತವೆ. ಆದ್ದರಿಂದ ಹಿಡಿಕೆ ಇಣುಕುವ ಚೀಲವಾದರೆ ಮೇಲೆ ಅಂಗಿಯೋ ಕೋಟೋ ಇರಲಿ. ಮದುವೆ ಮನೆಯಲ್ಲಿ ಕೋಟು ಸರಿಸಿ ತೋರಿಸುವ ಗೀಳಿದ್ದವರಿಗೆ ನಾನು ಯಾವ ಹೋಲ್‌ಸ್ಟರನ್ನೂ ಹೊಲಿದುಕೊಡುವುದಿಲ್ಲ.

ಇನ್ನು ಮನೆಗೆ ಬಂದ ಮೇಲೆ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲೇ ಬಿಡಬೇಡಿ. ಚರ್ಮ ಮಳೆಗಾಲದ ತೇವವನ್ನು ಹೀರಿ ಉಕ್ಕಿನ ಮೈಗೆ ಅಂಟಿಸಿಕೊಂಡು ಕೂರುತ್ತದೆ. ಹಿತ್ತಾಳೆಯ ತೋಟಾಗಳನ್ನು ಚರ್ಮದ ಕುಣಿಕೆಗಳಲ್ಲಿ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ. ಪಕ್ಕದ ಓಣಿಯ ಹುಡುಗನ ಚೀಲದ ಕುಣಿಕೆಗಳಲ್ಲೂ ಆ ಹಸಿರು ಇತ್ತು. ಅಂಚು ಕೆರೆದು ನೋಡಿದೆವು: ಒಳಗಿನವರೆಗೂ ಕಂದು, ಅಪ್ಪಟ ತೊಗಟೆಯ ಚರ್ಮ. ಆದರೆ ಅವನ ಪಿಸ್ತೂಲು ಚಪ್ಪಟೆ, ಚೀಲ ಹೊಟ್ಟೆಯದು. ಕುಣಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಚೀಲವನ್ನು ಮತ್ತೆ ಗೂಟಕ್ಕೆ ತೂಗುಹಾಕಿದ. ಹೊಸದಕ್ಕೆ ಚರ್ಮ ತರಲು ಮುಂದಿನ ವಾರ ಇಬ್ಬರೂ ಅಥಣಿಗೆ ಹೋದೆವು.